ಫ್ಲೈಟ್ ಸಿಮ್ಯುಲೇಟರ್‌ಗಾಗಿ ಓವರ್‌ಕ್ಲಾಕ್: ಮೊದಲು ಅಳೆಯಿರಿ, ಆಮೇಲೆ ಏರಿಸಿ

ಪ್ರೊಸೆಸರಿನ ವೇಗವನ್ನು ತಯಾರಕರು ನಿಗದಿ ಮಾಡಿದ್ದಕ್ಕಿಂತ ತುಸು ಏರಿಸಿದರೆ, ಅಂದರೆ ಓವರ್‌ಕ್ಲಾಕ್ ಮಾಡಿದರೆ, ಫ್ಲೈಟ್ ಸಿಮ್ಯುಲೇಟರ್ ಕಣ್ಣಿಗೆ ಕಾಣುವಷ್ಟು ಸರಾಗವಾಗುತ್ತದೆಯೇ ಎಂಬುದು ಈ ಹವ್ಯಾಸಕ್ಕೆ ಇಳಿದವರೆಲ್ಲರೂ ಕೇಳುವ ಪ್ರಶ್ನೆ. ಹೆಚ್ಚಿನವರು ಬಯೋಸ್‌ಗೆ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪರದೆ) ಹೋಗಿ ಮಲ್ಟಿಪ್ಲೈಯರ್ (ಪ್ರೊಸೆಸರಿನ ವೇಗ ನಿರ್ಧರಿಸುವ ಗುಣಕ) ಏರಿಸಿ, ಒಂದು ಹಾರಾಟ ಮುಗಿಸಿ, ‘ಈಗ ಚೆನ್ನಾಗಿದೆ’ ಎಂದು ತೀರ್ಮಾನಿಸಿಬಿಡುತ್ತಾರೆ. ಹಿಂದಿನ ದಿನ ಮೋಡ ಕವಿದಿತ್ತು, ಇಂದು ಆಕಾಶ ಶುಭ್ರವಾಗಿದೆ ಎಂಬುದನ್ನು ಗಮನಿಸುವುದಿಲ್ಲ. ಕೆಲಸ ಕೆಡುವುದು ಅಳತೆಯಲ್ಲಿ. ಆದ್ದರಿಂದ ಇಲ್ಲಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

ಉದಾಹರಣೆಗೆ ಇಂಟೆಲ್ ಕೋರ್ ಐ5-9600ಕೆ ಪ್ರೊಸೆಸರನ್ನೂ 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರನ್ನೂ ತೆಗೆದುಕೊಳ್ಳೋಣ. ಆರೂ ಕೋರ್‌ಗಳು ದುಡಿಯುವಾಗ ಈ ಪ್ರೊಸೆಸರ್ ತಾನಾಗಿಯೇ ಮುಟ್ಟುವ ಹೆಚ್ಚಿನ ವೇಗ, ಅಂದರೆ ಟರ್ಬೊ ವೇಗ, 4.3 ಗಿಗಾಹರ್ಟ್ಸ್. ಅದನ್ನು 4.7ಕ್ಕೆ ಒಯ್ದರೆ ಏರಿಕೆ ಶೇ 9ರಷ್ಟು. ಸೆಕೆಂಡಿಗೆ 30 ಫ್ರೇಮ್ (ಪರದೆಯ ಮೇಲೆ ಮೂಡುವ ಚಿತ್ರ) ಸಿಗುತ್ತಿದ್ದಲ್ಲಿ ಹೆಚ್ಚೆಂದರೆ 33ರ ಸಮೀಪಕ್ಕೆ ಬರಬಹುದು, ಅಂದರೆ ಒಂದು ಫ್ರೇಮಿಗೆ ತಗಲುವ ಸಮಯ 33.3 ಮಿಲಿಸೆಕೆಂಡಿನಿಂದ 30.5ಕ್ಕೆ ಇಳಿಯಬಹುದು. ಇದು ಗರಿಷ್ಠ ಲೆಕ್ಕ. ಪ್ರೊಸೆಸರು ಮೆಮೊರಿಯಿಂದ ದತ್ತಾಂಶ ಬರಲೆಂದು ಕಾಯುವ ಹೊತ್ತು ಗಡಿಯಾರದ ವೇಗ ಏರಿಸಿದ ಮಾತ್ರಕ್ಕೆ ಕಡಿಮೆಯಾಗದ ಕಾರಣ ನಿಜವಾದ ಲಾಭ ಇದಕ್ಕಿಂತ ಕಡಿಮೆಯೇ ಇರುತ್ತದೆ.

ಮೊದಲ ಹಂತ: ತಡೆ ಎಲ್ಲಿದೆ ಎಂದು ಕಂಡುಕೊಳ್ಳುವುದು

ಟಾಸ್ಕ್ ಮ್ಯಾನೇಜರ್ ನೋಡಿ ನಿರ್ಧರಿಸಬೇಡಿ. ಸಿಮ್ಯುಲೇಟರಿನ ಮುಖ್ಯ ಕೆಲಸದ ಬಹುಪಾಲು ಒಂದೇ ಥ್ರೆಡ್ಡಿನ (ಒಂದು ಬಾರಿಗೆ ಒಂದು ಕೋರಿನಲ್ಲಿ ಓಡುವ ಕೆಲಸದ ಎಳೆ) ಮೇಲೆ ಬೀಳುತ್ತದೆ. ಆರು ಥ್ರೆಡ್ಡಿನ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದರೂ ಅದು ಒಟ್ಟು ಬಳಕೆಯ ಶೇ 17 ಮಾತ್ರ. ಜೊತೆಗೆ ವಿಂಡೋಸ್ ಆ ಥ್ರೆಡ್ಡನ್ನು ಕೋರಿನಿಂದ ಕೋರಿಗೆ ಸಾಗಿಸುತ್ತಿರುವುದರಿಂದ ಯಾವ ಒಂದು ಕೋರಿನ ನಕ್ಷೆಯೂ ನೂರಕ್ಕೆ ಮುಟ್ಟಿದಂತೆ ಕಾಣುವುದಿಲ್ಲ. ‘ಪ್ರೊಸೆಸರ್ ಅರ್ಧವೂ ಬಳಕೆಯಾಗುತ್ತಿಲ್ಲ, ಗ್ರಾಫಿಕ್ಸ್ ಕಾರ್ಡೇ ದುರ್ಬಲ’ ಎಂದು ದುಬಾರಿ ಕಾರ್ಡ್ ಕೊಂಡವರು ಮೋಸಹೋಗುವುದು ಇಲ್ಲಿಯೇ.

ಇದರ ಬದಲು ಸಿಮ್ಯುಲೇಟರಿನ ಡೆವಲಪರ್ ಮೋಡ್ ತೆರೆದು, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಅಂಕಿ) ತೋರಿಸುವ ಆಯ್ಕೆಯನ್ನು ಚಾಲೂ ಮಾಡಿ. ಮೂಲೆಯ ಚೌಕಟ್ಟಿನಲ್ಲಿ ‘ಲಿಮಿಟೆಡ್ ಬೈ ಮೇನ್‌ಥ್ರೆಡ್’ ಎಂದು ಬಂದರೆ ತಡೆ ಪ್ರೊಸೆಸರಿನಲ್ಲಿದೆ. ‘ಜಿಪಿಯು’ ಎಂದು ಬಂದರೆ ತಡೆ ಗ್ರಾಫಿಕ್ಸ್ ಕಾರ್ಡಿನಲ್ಲಿದೆ, ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿ ಪ್ರಯೋಜನವಿಲ್ಲ, ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದು. ಬೇರೆ ಸಿಮ್ಯುಲೇಟರ್ ಬಳಸುವವರು ವಿಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ಆಯ್ಕೆ) ತೆಗೆದು ರೆಸಲ್ಯೂಶನ್ ಅರ್ಧಕ್ಕೆ ಇಳಿಸಿ ನೋಡಲಿ. ಫ್ರೇಮ್ ಸಂಖ್ಯೆ ಕದಲದಿದ್ದರೆ ತಡೆ ಪ್ರೊಸೆಸರಿನದೇ.

ಎರಡನೆಯ ಹಂತ: ಒಂದೇ ಹಾರಾಟ, ಒಂದೇ ಹವಾಮಾನ

ಲೈವ್ ಹವಾಮಾನ ಮತ್ತು ಲೈವ್ ವಿಮಾನ ಸಂಚಾರ ಎರಡನ್ನೂ ನಿಲ್ಲಿಸಿ. ಸಿದ್ಧ ಹವಾಮಾನಗಳಲ್ಲಿ ಒಂದನ್ನು ಆರಿಸಿ, ಹಗಲಿನ ಒಂದೇ ಗಂಟೆಯನ್ನು ನಿಗದಿ ಮಾಡಿ, ವಿಸಿಂಕ್ ತೆಗೆಯಿರಿ. ನ್ಯೂಯಾರ್ಕಿನ ಜೆಎಫ್‌ಕೆ ಅಥವಾ ಲಂಡನ್ನಿನ ಹೀಥ್ರೂನಂಥ ದಟ್ಟವಾದ ನಿಲ್ದಾಣವನ್ನೇ ಬಳಸಿ, ಏಕೆಂದರೆ ಬಯಲಿನ ಮೇಲೆ ಎತ್ತರದಲ್ಲಿ ಹಾರುವಾಗ ಪ್ರೊಸೆಸರಿಗೆ ಅಷ್ಟು ಹೊರೆ ಇರುವುದಿಲ್ಲ. ಪರದೆಗಳಿಂದ ತುಂಬಿದ ಕಾಕ್‌ಪಿಟ್ ಇರುವ ಎ320ನಿಯೊ ಪರೀಕ್ಷೆಗೆ ಒಳ್ಳೆಯ ವಿಮಾನ. ರನ್‌ವೇಗೆ ಹತ್ತು ಮೈಲಿ ದೂರದ ಸ್ಥಿತಿಯೊಂದನ್ನು ಸೇವ್ ಮಾಡಿಕೊಂಡು, ಪ್ರತಿ ಬಾರಿಯೂ ಅಲ್ಲಿಂದಲೇ ಆಟೊಪೈಲಟ್ ಮೇಲೆ ಇಳಿಯಿರಿ, ಕ್ಯಾಮೆರಾ ಅಲುಗಾಡಿಸಬೇಡಿ. ಮೊದಲ ಇಳಿತದಲ್ಲಿ ಭೂದೃಶ್ಯ ಅಂತರ್ಜಾಲದಿಂದ ಇಳಿದು ಬರುತ್ತಿರುತ್ತದೆ, ಆದ್ದರಿಂದ ಅದರ ಫಲಿತಾಂಶವನ್ನು ಎಸೆದು ನಂತರದ ಮೂರರ ಸರಾಸರಿ ತೆಗೆದುಕೊಳ್ಳಿ.

ದಾಖಲಿಸಲು ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ತಂತ್ರಾಂಶ ಸಾಕು, ಅದು ಉಚಿತ. ಅದರಲ್ಲಿ ಸರಾಸರಿಯನ್ನಲ್ಲ, ಅತಿ ನಿಧಾನವಾದ ಶೇ 1ರಷ್ಟು ಫ್ರೇಮ್‌ಗಳ ಅಂಕಿಯನ್ನು ನೋಡಿ. ಇಳಿಯುವಾಗ ಕಣ್ಣಿಗೆ ತಟ್ಟುವ ಎಳೆತ ಅಲ್ಲಿದೆ, ಸರಾಸರಿಯಲ್ಲಿಲ್ಲ.

ಮೂರನೆಯ ಹಂತ: ಖರ್ಚಿಲ್ಲದ ಲಾಭ ಮೊದಲು

ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಮೇಲೆ ನಮೂದಿಸಿದ ವೇಗದಲ್ಲಿ ಓಡಿಸುವ ಆಯ್ಕೆ) ಚಾಲೂ ಇದೆಯೇ ನೋಡಿ. 3200ರ ಮೆಮೊರಿ ಕೊಂಡು ಅದನ್ನು 2133ರಲ್ಲೇ ಓಡಿಸುತ್ತಿರುವ ಯಂತ್ರಗಳು ಲೆಕ್ಕವಿಲ್ಲದಷ್ಟಿವೆ. ಆಮೇಲೆ ಸಿಮ್ಯುಲೇಟರಿನ ಟೆರೇನ್ ಲೆವೆಲ್ ಆಫ್ ಡೀಟೇಲ್ (ಭೂದೃಶ್ಯ ಎಷ್ಟು ವಿವರವಾಗಿರಬೇಕು ಎಂಬ ಆಯ್ಕೆ) 200 ಇದ್ದರೆ 100ಕ್ಕೆ ಇಳಿಸಿ, ನಿಲ್ದಾಣದ ವಾಹನ ಸಂಚಾರ ತಗ್ಗಿಸಿ, ಅದೇ ಇಳಿತವನ್ನು ಮತ್ತೆ ಅಳೆಯಿರಿ. ಮುಖ್ಯ ಥ್ರೆಡ್ಡಿನ ಹೊರೆ ಇಳಿಸುವಲ್ಲಿ ಈ ಎರಡು ಬದಲಾವಣೆಗಳು ಸಾಧಾರಣ ಓವರ್‌ಕ್ಲಾಕನ್ನು ಸುಲಭವಾಗಿ ಹಿಂದೆ ಹಾಕುತ್ತವೆ. ‘ಗೇಮ್ ಬೂಸ್ಟರ್’ ಹೆಸರಿನ ತಂತ್ರಾಂಶಗಳನ್ನು ಮಾತ್ರ ಯಂತ್ರದೊಳಗೆ ಬಿಟ್ಟುಕೊಳ್ಳಬೇಡಿ.

ನಾಲ್ಕನೆಯ ಹಂತ: ವೇಗ ಏರಿಸುವುದು

ಹೆಸರಿನ ಕೊನೆಯಲ್ಲಿ ‘ಕೆ’ ಇರುವ ಇಂಟೆಲ್ ಪ್ರೊಸೆಸರ್, ‘ಝಡ್’ ಸರಣಿಯ ಮದರ್‌ಬೋರ್ಡ್ ಮತ್ತು ದೊಡ್ಡ ಕೂಲರ್ ಇರಲೇಬೇಕು. ಈಗ ನಿಜವಾಗಿ ಯಾವ ವೇಗದಲ್ಲಿ ಓಡುತ್ತಿದೆ ಎಂಬುದನ್ನು ಎಚ್‌ಡಬ್ಲ್ಯುಇನ್ಫೊ ಎಂಬ ತಂತ್ರಾಂಶದಲ್ಲಿ ನೋಡಿ. ಕೆಲವು ಮದರ್‌ಬೋರ್ಡ್‌ಗಳು ತಾವಾಗಿಯೇ ಎಲ್ಲ ಕೋರ್‌ಗಳನ್ನೂ 4.6ಕ್ಕೆ ಏರಿಸಿಟ್ಟಿರುತ್ತವೆ, ಆಗ ನಿಮಗೆ ಉಳಿದಿರುವ ಲಾಭ ತೀರಾ ಅಲ್ಪ. ಮಲ್ಟಿಪ್ಲೈಯರನ್ನು ಒಂದೊಂದೇ ಅಂಕಿ ಏರಿಸುತ್ತಾ, ಯಂತ್ರ ಕುಸಿದಾಗ ಮಾತ್ರ ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಮದರ್‌ಬೋರ್ಡಿನ ‘ಆಟೊ ಓವರ್‌ಕ್ಲಾಕ್’ ಗುಂಡಿಯನ್ನು ಒತ್ತಲೇಬೇಡಿ, ಅದು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹರಿಸುತ್ತದೆ. ಉಷ್ಣ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಏರುತ್ತದೆ: 1.20 ವೋಲ್ಟಿನಿಂದ 1.30ಕ್ಕೆ ಹೋಗಿ ವೇಗವನ್ನು 4.7 ಮಾಡಿದರೆ ಸುಮಾರು ಶೇ 28ರಷ್ಟು ಹೆಚ್ಚು ಶಾಖ, ಶೇ 9ರಷ್ಟು ವೇಗಕ್ಕಾಗಿ. 1.30 ವೋಲ್ಟನ್ನೂ 85 ಡಿಗ್ರಿಯನ್ನೂ ದಾಟಬಾರದು ಎಂಬುದು ನನ್ನ ಖಚಿತ ಸಲಹೆ. ಕಲಬುರಗಿ, ರಾಯಚೂರಿನ ಕಡೆಯವರು ಜನವರಿಯಲ್ಲಿ ಮಾಡಿದ ಪರೀಕ್ಷೆಯನ್ನು ನಂಬಿ ಕೂರದೆ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಮಾಡಲಿ, ಏಕೆಂದರೆ ಕೋಣೆ ಎಷ್ಟು ಬಿಸಿಯಾಗುತ್ತದೋ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಬಿಸಿಯೇರುತ್ತದೆ.

ಸ್ಥಿರತೆಯನ್ನು ಮೊದಲು ಒಸಿಸಿಟಿ ಎಂಬ ಪರೀಕ್ಷಾ ತಂತ್ರಾಂಶದಲ್ಲಿ ಒಂದು ಗಂಟೆ, ಬಳಿಕ ಸಿಮ್ಯುಲೇಟರಿನಲ್ಲೇ ಒಂದು ದೀರ್ಘ ಹಾರಾಟದಲ್ಲಿ ನೋಡಿ. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ‘WHEA’ ಹೆಸರಿನ ಯಂತ್ರಾಂಶ ದೋಷವೊಂದು ದಾಖಲಾದರೂ ಮಲ್ಟಿಪ್ಲೈಯರನ್ನು ಒಂದು ಅಂಕಿ ಕೆಳಗಿಳಿಸಿ.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು, ಅತಿ ವೋಲ್ಟೇಜಿನ ದೋಷಕ್ಕೆ 2024ರಲ್ಲಿ ಬಂದ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ತಂತ್ರಾಂಶ) ಪರಿಹಾರ ಸೇರಿರುವ ಬಯೋಸ್ ಹಾಕಿಕೊಳ್ಳದೆ ಈ ಯಾವುದಕ್ಕೂ ಕೈಹಾಕಬಾರದು. ಎಎಂಡಿಯ 5800ಎಕ್ಸ್3ಡಿ ಪ್ರೊಸೆಸರಿನಲ್ಲಿ ಮಲ್ಟಿಪ್ಲೈಯರಿಗೆ ಬೀಗವಿದೆ. ಅದರ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಈ ಸಿಮ್ಯುಲೇಟರಿಗೆ ಗಡಿಯಾರದ ವೇಗಕ್ಕಿಂತ ಹೆಚ್ಚು ನೆರವಾಗುವುದರಿಂದ ಅದನ್ನು ಹಾಗೇ ಬಿಡಿ.

ಕೊನೆಗೆ ಅದೇ ಇಳಿತವನ್ನು ಮತ್ತೆ ಅಳೆದು, ವೇಗ ಏರಿಸುವ ಮೊದಲಿನ ಮತ್ತು ನಂತರದ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ನಿಧಾನ ಫ್ರೇಮ್‌ಗಳ ಅಂಕಿ 22ರಿಂದ 24ಕ್ಕೆ ಏರಿದ್ದರೆ ಇಳಿತದ ಕೊನೆಯ ಕ್ಷಣಗಳಲ್ಲಿ ಕೈಗೆ ತುಸು ಹಿಡಿತ ಸಿಕ್ಕಂತಾಗುತ್ತದೆ, ಅದನ್ನು ಇಟ್ಟುಕೊಳ್ಳಬಹುದು. 45 ಇದ್ದದ್ದು 48 ಆಗಿದ್ದರೆ ಅದು ಕಾಣುವುದು ಕಾಗದದ ಮೇಲೆ ಮಾತ್ರ. ಬಯೋಸ್‌ಗೆ ಹೋಗಿ ಮೂಲ ವೇಗಕ್ಕೆ ಮರಳಿಸಿ, ಎಕ್ಸ್‌ಎಂಪಿಯನ್ನು ಮಾತ್ರ ಉಳಿಸಿಕೊಳ್ಳಿ.