ಮುಯ್ಯಿ ಪುಸ್ತಕ ಹಿಡಿದು ಮಾಡಿದ ತೋಟದ ಮದುವೆ

ತಂಗಿ ಮದುವೆ ಗೊತ್ತಾದಾಗ ತಿಪಟೂರಿನಲ್ಲಿ ಒಂದೆರಡು ಛತ್ರ ವಿಚಾರಿಸಿದೆ. ಬಾಡಿಗೆ, ಕರೆಂಟು, ಅಲಂಕಾರ ಎಲ್ಲ ಸೇರಿಸಿ ಹೇಳಿದ ಮೊತ್ತ ಕೇಳಿ ಅಪ್ಪ ಮಾತೇ ಆಡಲಿಲ್ಲ. ಕೈಯಲ್ಲಿದ್ದದ್ದು 3 ಲಕ್ಷ. ಸಾಲ ಮಾಡಬೇಡಿ ಅಂತ ತಂಗಿ ಹಠ ಹಿಡಿದಳು. ಊರಿನ ನಮ್ಮ ತೆಂಗಿನ ತೋಟದಲ್ಲೇ ಮಾಡೋಣ ಅಂದುಕೊಂಡೆವು.

ಮೊದಲು ತೆಗೆದದ್ದು ಅಮ್ಮನ ಟ್ರಂಕಿನಲ್ಲಿದ್ದ ಮುಯ್ಯಿ ಪುಸ್ತಕ. ನನ್ನ ಮದುವೆಗೆ ಯಾರು ಏನು ಮುಯ್ಯಿ ಮಾಡಿದ್ದರು ಅಂತ ಬರೆದಿಟ್ಟದ್ದು. ಮುಯ್ಯಿ ಅಂದರೆ ಮುಂದೆ ಅವರ ಮನೆ ಕಾರ್ಯಕ್ಕೆ ನಾವೂ ತೀರಿಸಬೇಕಾದ ಉಡುಗೊರೆ. ಫೋನಿನಲ್ಲಿರುವ ಹೆಸರು ನೋಡಿ ಕರೆದಿದ್ದರೆ 800 ದಾಟುತ್ತಿತ್ತು. ಪುಸ್ತಕ ನೋಡಿ ಬರೆದೆ, 320ಕ್ಕೆ ನಿಂತಿತು. ಕರೆಯಲೇಬೇಕಾದವರು ಒಬ್ಬರೂ ತಪ್ಪಲಿಲ್ಲ.

ಆಮೇಲೆ ಹತ್ತಿರದವರ ಮನೆಗೆ ನಾನೇ ಹೋದೆ. “ಈ ಸಲ ಕವರ್ ಬೇಡ ಚಿಕ್ಕಪ್ಪ, ಬಾಳೆಗೊನೆ ಕೊಡಿ” ಅಂದೆ. ಕೇಳುವಾಗ ಸಂಕೋಚವಾಯಿತು, ಆದರೆ ಅವರಿಗೆ ಖುಷಿಯೇ ಆಯಿತು. ಸೋದರತ್ತೆ ಸೇವಂತಿಗೆ ಕೊಟ್ಟರು. ಪಕ್ಕದ ತೋಟದವರು ಹೊಂಬಾಳೆ ಕೊಟ್ಟರು. ಚಪ್ಪರಕ್ಕೆ ಮುಯ್ಯಾಳು ಬಂದರು. ಅವರ ಕೆಲಸಕ್ಕೆ ನಾವೂ ಹೋಗಿ ದುಡಿದು ತೀರಿಸುವುದು, ಕೂಲಿ ಕೊಡುವ ಮಾತೇ ಇಲ್ಲ.

ಧನುರ್ಮಾಸ ಕಳೆದು ಮಾಘದಲ್ಲಿ ದಿನ ಇಟ್ಟೆವು. ಅಷ್ಟರಲ್ಲಿ ರಾಗಿ ಒಕ್ಕಣೆ ಮುಗಿದಿರುತ್ತದೆ, ಕಣ ಖಾಲಿ ಇರುತ್ತದೆ. ಊಟದ ಪಂಕ್ತಿ ಅಲ್ಲೇ ಹಾಕಿದೆವು.

ತೆಂಗಿನ ತೋಟದಲ್ಲಿ ಮದುವೆ ಮಾಡುವವರಿಗೆ ಒಂದು ಮಾತು ಹೇಳಲೇಬೇಕು. ಜನ ಕೂರುವ, ಓಡಾಡುವ ಜಾಗದ ಮೇಲಿನ ಪ್ರತಿ ಮರ ಹತ್ತಿಸಿ ಕಾಯಿ, ಒಣಗಿದ ಗರಿ ಎಲ್ಲ ಇಳಿಸಿ. ಎಳನೀರನ್ನೂ ಬಿಡಬೇಡಿ. ಮಕ್ಕಳು ಓಡಾಡುತ್ತಿರುತ್ತಾರೆ, ಅಲ್ವಾ? ಇಳಿಸಿದ ಎಳನೀರನ್ನು ಬೀಗರಿಗೆ ಕೊಟ್ಟೆವು. ಒಣಗಿದ ಗರಿ, ಮಟ್ಟೆ ಒಲೆಗಾಯಿತು.

ಊಟದಲ್ಲಿ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ಬಗೆ ಕಡಿಮೆ ಮಾಡಿದೆವು, ಬಡಿಸುವುದನ್ನಲ್ಲ. ಒಬ್ಬಟ್ಟು, ಕೋಸಂಬರಿ, ಪಲ್ಯ, ಅನ್ನ, ಹಿತಕಿದ ಅವರೆಬೇಳೆ ಸಾರು, ಮಜ್ಜಿಗೆ. ಅವರೆಕಾಯಿ ಸೀಸನ್ ಇನ್ನೂ ಇತ್ತು. ಹಿಂದಿನ ದಿನ ಕಾಳು ನೆನೆಹಾಕಿ, ರಾತ್ರಿ ಊರಿನ ಹೆಂಗಸರೆಲ್ಲ ಚಪ್ಪರದ ಕೆಳಗೆ ಕೂತು ಹಿತಕಿದರು. ಸೋಬಾನೆ ತಾನಾಗಿಯೇ ಶುರುವಾಯಿತು. ನನಗೆ ಇಡೀ ಮದುವೆಯಲ್ಲಿ ತುಂಬಾ ಇಷ್ಟವಾದದ್ದು ಆ ರಾತ್ರಿ. ಯಾವ ಡೆಕೋರೇಷನ್ನಿಗೂ ಅಂಥ ಕಳೆ ಬರುವುದಿಲ್ಲ.

ಒಂದು ತಪ್ಪೂ ಆಯಿತು. ಮಾಘದ ಇಬ್ಬನಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಹೊರಗೆ ಹಾಸಿದ್ದ ಜಮಖಾನ, ಕುರ್ಚಿ ಎಲ್ಲ ಒದ್ದೆ. ಮುಹೂರ್ತಕ್ಕೆ ಒಂದೇ ಗಂಟೆ ಇತ್ತು. ಹುಡುಗರು ಹಳೆ ಪಂಚೆ ಹಿಡಿದು ಒಂದೊಂದೇ ಕುರ್ಚಿ ಒರೆಸಿದರು. ರಾತ್ರಿ ಟಾರ್ಪಾಲು ಹೊದಿಸಿದ್ದರೆ ಸಾಕಿತ್ತು. ನೀರಿಗೆ ಮಾತ್ರ ತೊಂದರೆ ಆಗಲಿಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ದಿನವಿಡೀ ಇರುವುದಿಲ್ಲ ಅಂತ ಹಿಂದಿನ ದಿನವೇ ತೊಟ್ಟಿ, ಡ್ರಮ್ ಎಲ್ಲ ತುಂಬಿಸಿದ್ದೆ.

ಲಗ್ನಪತ್ರಿಕೆ ನೂರೇ ಹಾಕಿಸಿದೆ, ಹಿರಿಯರಿಗೆ. ಉಳಿದವರಿಗೆ ವಾಟ್ಸಾಪ್. ಪೂರ್ತಿ ಬಿಡಬೇಡಿ, ಮದುವೆ ನೋಂದಣಿಗೆ ಹೋದಾಗ ಫೋಟೋ ಜೊತೆ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ.

ಖರ್ಚು 2 ಲಕ್ಷ 70 ಸಾವಿರಕ್ಕೆ ನಿಂತಿತು. ಹೊಸ ಮುಯ್ಯಿ ಪುಸ್ತಕ ನಾನೇ ಬರೆದೆ: ಬಾಳೆಗೊನೆ 6, ಸೇವಂತಿಗೆ 40 ಮಾರು, ಚಪ್ಪರದ ಕೆಲಸ ಎರಡು ದಿನ. ಮುಂದಿನ ತಿಂಗಳು ಚಿಕ್ಕಪ್ಪನ ಮನೆ ಗೃಹಪ್ರವೇಶ. ತೆಂಗಿನಕಾಯಿ ಈಗಲೇ ಎಣಿಸಿ ಎತ್ತಿಟ್ಟಿದ್ದೇವೆ.