ಕಂತು ಕಟ್ಟಿದ ಮೇಲೂ ಬಾಕಿ ಅಂತಾರಾ? ಹೀಗೆ ಮಾಡಿ

ಅಮ್ಮನ ಜೀವವಿಮೆ ಕಂತು ಬ್ಯಾಂಕ್ ಖಾತೆಯಿಂದ ಕಟ್ ಆಗಿತ್ತು. ಎರಡು ವಾರ ಬಿಟ್ಟು ಕಂಪನಿಯಿಂದ ಮೆಸೇಜ್ ಬಂತು: ಕಂತು ಬಾಕಿ ಇದೆ, ಕಟ್ಟದಿದ್ದರೆ ಪಾಲಿಸಿ ಲ್ಯಾಪ್ಸ್ ಆಗುತ್ತದೆ, ಅಂದರೆ ವಿಮೆಯ ರಕ್ಷಣೆ ನಿಂತುಹೋಗುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆವು, ಏಜೆಂಟರಿಗೆ ಹೇಳಿದೆವು, ಅವರು ‘ಸರಿ ಹೋಗುತ್ತೆ ಬಿಡಿ’ ಅಂದರು, ನಾವೂ ನಂಬಿ ಸುಮ್ನೆ ಕೂತೆವು. ತಿಂಗಳಾದರೂ ಏನೂ ಆಗಲಿಲ್ಲ. ಬರೆದು ಕೊಟ್ಟ ಮೇಲಷ್ಟೇ ಕೆಲಸ ಆಯಿತು. ಅಷ್ಟು ದಿನ ಅಮ್ಮ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಅದಕ್ಕೇ ಮೊದಲು ನೋಡಬೇಕಾದ್ದು ದುಡ್ಡಲ್ಲ, ದಿನ. ವರ್ಷಕ್ಕೆ, ಆರು ತಿಂಗಳಿಗೆ ಅಥವಾ ಮೂರು ತಿಂಗಳಿಗೊಮ್ಮೆ ಕಟ್ಟುವ ಪಾಲಿಸಿಗೆ 30 ದಿನ ಗ್ರೇಸ್, ಅಂದರೆ ಕಂತಿನ ದಿನ ದಾಟಿದ ಮೇಲೂ ಕಟ್ಟಲು ಅವಕಾಶ ಇರುತ್ತದೆ. ತಿಂಗಳ ಕಂತಿಗೆ 15 ದಿನ ಮಾತ್ರ. ಅದು ಮುಗಿದು, ಆಮೇಲೆ ಮನೆಯಲ್ಲಿ ಏನಾದರೂ ಆದರೆ ದುಃಖದ ಹೊತ್ತಲ್ಲಿ ಕಂಪನಿ ಜೊತೆ ವಾದ ಮಾಡುವ ಪಾಡು ಯಾರಿಗೂ ಬೇಡ. ಗ್ರೇಸ್ ಮುಗಿಯುತ್ತಾ ಬಂದಿದ್ದರೆ, ಕೈಯಲ್ಲಿ ದುಡ್ಡೂ ಇದ್ದರೆ, ‘ಈ ಕಂತು ಈಗಾಗಲೇ ಕಟ್ಟಿದ್ದೇವೆ, ಆಕ್ಷೇಪ ಇಟ್ಟುಕೊಂಡೇ ಮತ್ತೆ ಕಟ್ಟುತ್ತಿದ್ದೇವೆ, ಹೆಚ್ಚಾದ ಹಣ ವಾಪಸ್ ಕೊಡಿ’ ಅಂತ ಬರೆದುಕೊಟ್ಟು ಕಟ್ಟಿಬಿಡಿ. ಎರಡು ಸಲ ಯಾಕೆ ಕಟ್ಟಬೇಕು ಅನ್ನಿಸುತ್ತದೆ, ನಿಜ. ಆದರೆ ಹಣ ಆಮೇಲೆ ಕೇಳಿ ಪಡೆಯಬಹುದು, ಪಾಲಿಸಿ ಕೈತಪ್ಪಬಾರದು.

ಆಮೇಲೆ ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಆ ವ್ಯವಹಾರದ ಯುಟಿಆರ್ ನಂಬರ್ (ಹಣ ಹೋದದ್ದಕ್ಕೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಪಾಲಿಸಿ ನಂಬರಲ್ಲಿ ಒಂದು ಅಂಕಿ ತಪ್ಪಿದರೂ ಹಣ ನಿಮ್ಮ ಪಾಲಿಸಿಗೆ ಸೇರದೆ ಕಂಪನಿಯ ಲೆಕ್ಕದಲ್ಲಿ ಹಾಗೇ ಕೂತಿರಬಹುದು. ಯುಪಿಐನಲ್ಲಿ ಕಟ್ಟಿದ್ದು ಕಂಪನಿಗೆ ತಲುಪದೇ ಹೋದರೆ, ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 5 ದಿನದೊಳಗೆ ತಾನಾಗೇ ಖಾತೆಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಏಜೆಂಟರ ಕೈಗೆ ಕೊಟ್ಟಿದ್ದರೆ ಕಂಪನಿಯ ರಸೀದಿ ಕೇಳಿ, ಅವರ ಮಾತು ಸಾಲದು. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ ಕಂತಿಗೆ ಜಿಎಸ್‌ಟಿ ಇಲ್ಲ. ಅದಾದ ಮೇಲಿನ ಕಂತಿಗೂ ತೆರಿಗೆ ಹಾಕಿದ್ದಾರಾ ಅಂತ ನೋಡಿ.

ಈಗ ಪತ್ರ. ಒಂದು ಪುಟ ಸಾಕು. ಪಾಲಿಸಿ ನಂಬರ್, ಮೊತ್ತ, ಕಟ್ಟಿದ ದಿನಾಂಕ, ಯುಟಿಆರ್, ಕೊನೆಗೆ ನಿಮಗೆ ಏನು ಬೇಕು ಅನ್ನೋದು. ‘ಸರಿ ಮಾಡಿ’ ಅಂತ ಬರೆದರೆ ಆಗಲ್ಲ. ‘ಈ ಕಂತು ಜಮಾ ಮಾಡಿ, ತಡಕ್ಕೆ ಹಾಕಿದ ಬಡ್ಡಿ ತೆಗೆಯಿರಿ, ರಸೀದಿ ಕೊಡಿ’ ಅಂತ ಸ್ಪಷ್ಟವಾಗಿ ಕೇಳಿ. ಬ್ರ್ಯಾಂಚಲ್ಲಿ ಕೊಟ್ಟರೆ ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ, ಸೀಲಿಲ್ಲದೆ ಬರಬೇಡಿ. ಕಂಪನಿಯ ಕುಂದುಕೊರತೆ ಅಧಿಕಾರಿಗೂ ಇಮೇಲ್ ಮಾಡಿ, ದೂರಿನ ನಂಬರ್ ಕೇಳಿ ಪಡೆಯಿರಿ.

14 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ನಿಯಂತ್ರಕ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ದೂರು ಹಾಕಿ. ಕಂಪ್ಯೂಟರ್ ಗೊತ್ತಿಲ್ಲದವರು 155255ಕ್ಕೆ ಫೋನ್ ಮಾಡಬಹುದು. ಅವರೇ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಏನಾಯಿತು ಅಂತ ಗಮನಿಸುತ್ತಾರೆ.

ತೀರ್ಪು ಬೇಕಾದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆ ದೂರುಗಳನ್ನು ಕೇಳಿ ಆದೇಶ ಕೊಡುವ ಅಧಿಕಾರಿ, ಅವರ ಹತ್ತಿರ ಹೋಗಬೇಕು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ, ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಶುಲ್ಕ ಇಲ್ಲ. ವಕೀಲರನ್ನು ಕರೆದುಕೊಂಡು ಹೋಗುವ ಹಾಗೂ ಇಲ್ಲ, ನೀವೇ ಮಾತಾಡಬೇಕು. ಕಟ್ಟಿದ, ಕಟ್ಟಬೇಕಾದ ಪ್ರೀಮಿಯಂ ಬಗ್ಗೆ ಜಗಳ ಇದ್ದರೆ ಅವರು ಕೇಳುತ್ತಾರೆ ಅಂತ ನಿಯಮದಲ್ಲೇ ಇದೆ. ಅವರ ಹತ್ತಿರ ಹೋಗುವ ಮೊದಲು ಕಂಪನಿಗೆ ಬರೆದುಕೊಟ್ಟಿರಬೇಕು, ಒಂದು ತಿಂಗಳು ಉತ್ತರ ಬಂದಿರಬಾರದು, ಇಲ್ಲವೇ ಬಂದ ಉತ್ತರ ನಿಮಗೆ ಒಪ್ಪಿಗೆಯಾಗಿರಬಾರದು. ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು. ಸೀಲು ಬಿದ್ದ ಆ ಪ್ರತಿ ಬೇಕಾಗುವುದು ಇಲ್ಲೇ. 50 ಲಕ್ಷ ರೂಪಾಯಿವರೆಗೆ ಆದೇಶ ಕೊಡಬಹುದು, ಕಂಪನಿ ಅದನ್ನು 30 ದಿನದಲ್ಲಿ ಪಾಲಿಸಬೇಕು. ಆದರೆ ಅದೇ ವಿಷಯ ಆಗಲೇ ಗ್ರಾಹಕರ ಆಯೋಗದಲ್ಲೋ ಕೋರ್ಟಿನಲ್ಲೋ ಇದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮೊದಲು ಎಲ್ಲಿಗೆ ಹೋಗಬೇಕು ಅಂತ ಯೋಚಿಸಿ. ನನ್ನ ಕೇಳಿದರೆ ಮೊದಲು ಒಂಬುಡ್ಸ್‌ಮನ್.

ಇಷ್ಟರ ಮಧ್ಯೆ ಮುಂದಿನ ಕಂತಿನ ದಿನ ಬಂದೇ ಬರುತ್ತದೆ, ಅಲ್ವಾ? ಸಿಟ್ಟಿನಲ್ಲಿ ಅದನ್ನು ನಿಲ್ಲಿಸಬೇಡಿ. ಕಟ್ಟಿ, ರಸೀದಿಯನ್ನು ಅದೇ ಫೈಲಿಗೆ ಸೇರಿಸಿ.