ಸೀಕ್ವೆನ್ಸರ್ ಇಲ್ಲದ ಲ್ಯಾಬ್‌ನಲ್ಲಿ ಮಿಥೈಲೇಶನ್ ಪಾಠ: ನನ್ನ ಅನುಭವ

ಪೈರೋಸೀಕ್ವೆನ್ಸರ್ (ಡಿಎನ್‌ಎ ಅಕ್ಷರಗಳನ್ನು ಓದುವ ಯಂತ್ರ) ಇಲ್ಲದೆ ವಿದ್ಯಾರ್ಥಿಗಳಿಗೆ ಮಿಥೈಲೇಶನ್, ಅಂದರೆ ಡಿಎನ್‌ಎಗೆ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿರುವುದನ್ನು, ತೋರಿಸೋಕೆ ಆಗಲ್ಲ ಎಂದು ವಿಭಾಗದಲ್ಲಿ ಬಹಳ ಜನ ಹೇಳಿದ್ದರು. ಈಗ ಒಂದಾದ ಮೇಲೊಂದು ಬ್ಯಾಚ್ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಮಾಮೂಲಿ ರಿಯಲ್ ಟೈಮ್ ಪಿಸಿಆರ್‌ನ ಮೆಲ್ಟ್ ಕರ್ವ್‌ನಲ್ಲೇ (ಬಿಸಿ ಮಾಡಿದಾಗ ಎಳೆಗಳು ಯಾವ ತಾಪದಲ್ಲಿ ಬಿಡಿಸಿಕೊಳ್ಳುತ್ತವೆ ಎಂದು ತೋರಿಸುವ ಗೆರೆ) ಅದನ್ನು ನೋಡಿ ಹೋಗುತ್ತಿದೆ.

ಎಲ್ಲ ನಿಂತಿರುವುದು ಜೀನ್ ಆಯ್ಕೆಯ ಮೇಲೆ. ಮೊದಲು ಎಎಚ್‌ಆರ್‌ಆರ್ ಯೋಚಿಸಿದ್ದೆ. ಸಿಗರೇಟು ಸೇದುವವರಲ್ಲಿ ಅಲ್ಲಿ ಮಿಥೈಲೇಶನ್ ಇಳಿದಿರುತ್ತದೆ. ಆದರೆ ವಿದ್ಯಾರ್ಥಿಗಳ ಜೊಲ್ಲನ್ನೇ ತೆಗೆದುಕೊಂಡರೆ ಯಾರು ಸೇದುತ್ತಾರೆ ಎನ್ನುವುದು ಇಡೀ ತರಗತಿಗೆ ಗೊತ್ತಾಗುತ್ತದೆ, ಅಲ್ವಾ? ಅದು ಬೇಡ ಅನ್ನಿಸಿ ಎಚ್19 ಹಿಡಿದೆ. ಅಲ್ಲಿ ಅಪ್ಪನಿಂದ ಬಂದ ಪ್ರತಿಗೆ ಮಿಥೈಲ್ ಇರುತ್ತದೆ, ಅಮ್ಮನಿಂದ ಬಂದದ್ದಕ್ಕೆ ಇರುವುದಿಲ್ಲ. ಹೆಚ್ಚುಕಮ್ಮಿ ಎಲ್ಲರಲ್ಲೂ ಅರ್ಧಕ್ಕರ್ಧ. ಕರ್ವ್‌ನಲ್ಲಿ ಎರಡು ಶಿಖರ ಏಳುತ್ತವೆ. ಬರಬೇಕಾದ ಉತ್ತರ ಮೊದಲೇ ಗೊತ್ತಿರುವುದರಿಂದ ಯಾವ ಬೆಂಚಿನ ಕೆಲಸ ಕೆಟ್ಟಿದೆ ಎನ್ನುವುದೂ ತಿಳಿಯುತ್ತದೆ. ಆದರೂ ಒಪ್ಪಿಗೆ ಬರೆಸಿಕೊಂಡು, ಟ್ಯೂಬ್‌ಗಳಿಗೆ ಹೆಸರಿನ ಬದಲು ಕೋಡ್ ಹಾಕುತ್ತೇವೆ.

ದುಡ್ಡಿನ ಮಾತು. ಮೊದಲ ವರ್ಷ ಬಜೆಟ್‌ನ ಮೂರನೇ ಒಂದು ಪಾಲು ಬೈಸಲ್ಫೈಟ್ ಕಿಟ್‌ಗೇ ಹೋಯಿತು. ಮಿಥೈಲ್ ಇಲ್ಲದ ಸೈಟೋಸಿನ್ (ಡಿಎನ್‌ಎಯ ಸಿ ಅಕ್ಷರ) ಅನ್ನು ಯುರಾಸಿಲ್ ಮಾಡಿ, ಮಿಥೈಲ್ ಇದ್ದದ್ದನ್ನು ಹಾಗೇ ಬಿಡುವ ರಾಸಾಯನಿಕ ಅದು. ಮೇಲೆ ನಕಲಿನ ತಪ್ಪು ತಿದ್ದುವ ಒಂದು ದುಬಾರಿ ಪ್ರೂಫ್‌ರೀಡಿಂಗ್ ಎಂಜೈಮ್. ಅದು ಯುರಾಸಿಲ್ ಸಿಕ್ಕಲ್ಲಿ ನಿಂತುಬಿಡುತ್ತದೆ, ಜೆಲ್ ಖಾಲಿ. ಸಾದಾ ಹಾಟ್ ಸ್ಟಾರ್ಟ್ ಟ್ಯಾಕ್ (ಬಿಸಿಯಾದ ಮೇಲಷ್ಟೇ ಕೆಲಸ ಶುರುಮಾಡುವ ಎಂಜೈಮ್) ಹಾಕಿದ ಮೇಲೆ ಬ್ಯಾಂಡ್ ಬಂತು. ಹೋಲಿಸಿ ನೋಡಲು ಬೇಕಾದ ಕಂಟ್ರೋಲ್ ಡಿಎನ್‌ಎ ಕೊಳ್ಳುವುದನ್ನೂ ಬಿಟ್ಟೆವು. ಎಂ.ಎಸ್‌ಎಸ್‌ಎಸ್‌ಐ ಎಂಜೈಮ್‌ನಿಂದ ಪೂರ್ತಿ ಮಿಥೈಲ್ ಆದದ್ದನ್ನು ನಾವೇ ಮಾಡುತ್ತೇವೆ. ಅದಕ್ಕೆ ಮಿಥೈಲ್ ಒದಗಿಸುವ ಎಸ್‌ಎಎಂ ಬೇಗ ಹಾಳಾಗುತ್ತದೆ, ನಡುವೆ ಒಮ್ಮೆ ಹೊಸದು ಸೇರಿಸಿ. ಮಿಥೈಲ್ ಸೊನ್ನೆ ಇರುವುದಕ್ಕೆ ಹೋಲ್ ಜೀನೋಮ್ ಆಂಪ್ಲಿಫಿಕೇಶನ್ ಮಾಡಿದ, ಅಂದರೆ ಟ್ಯೂಬ್‌ನಲ್ಲೇ ಇಡಿಯಾಗಿ ನಕಲು ಮಾಡಿದ, ಡಿಎನ್‌ಎ ಸಾಕು; ನಕಲಿಗೆ ಮಿಥೈಲ್ ಬರುವುದಿಲ್ಲ. ಇವೆರಡನ್ನು ಬೆರೆಸಿ ಮಿಥೈಲ್ ಶೇಕಡಾ 0, 25, 50, 75, 100 ಎಂದು ಪ್ರತಿ ಪ್ಲೇಟ್‌ನಲ್ಲೂ ಇಡುತ್ತೇವೆ. ಕಂಟ್ರೋಲ್ ಖರ್ಚು ಸುಮಾರು ಐದನೇ ಒಂದು ಪಾಲಿಗೆ ಇಳಿದಿದೆ.

ಜಾಸ್ತಿ ಕಾಡಿದ್ದು ಪಿಸಿಆರ್ ಬಯಾಸ್. ಮಿಥೈಲ್ ಇಲ್ಲದ ಎಳೆ ಮುಂದೆ ಓಡಿಬಿಡುತ್ತಿತ್ತು. 50ರ ಮಿಶ್ರಣ 20ರ ಹಾಗೆ ಕಾಣುತ್ತಿತ್ತು. ಪ್ರೈಮರ್‌ನ (ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕು) 5 ಪ್ರೈಮ್ ತುದಿಯ, ಅಂದರೆ ಶುರುವಿನ ತುದಿಯ, ಹತ್ತಿರ ಒಂದು ಸಿಪಿಜಿ (ಮಿಥೈಲ್ ಅಂಟುವ ಸಿ-ಜಿ ಜೋಡಿ) ಬರುವ ಹಾಗೆ ಬರೆದು, ಅನೀಲಿಂಗ್ ತಾಪ (ಪ್ರೈಮರ್ ಕೂರುವ ತಾಪ) ಏರಿಸಿದ ಮೇಲೆ ಸರಿಹೋಯಿತು. ಎಷ್ಟು ಏರಿಸಿದೆ ಎಂದು ಇಲ್ಲಿ ಹೇಳುವುದಿಲ್ಲ, ಗ್ರೇಡಿಯೆಂಟ್ ಹಾಕಿ, ಅಂದರೆ ಹಲವು ತಾಪ ಒಟ್ಟಿಗೆ ಇಟ್ಟು, ನೋಡಿಕೊಳ್ಳಿ. ಪ್ರೈಮರ್ ಕೂರುವ ಜಾಗದಲ್ಲಿ ಎಸ್‌ಎನ್‌ಪಿ (ಜನರ ನಡುವೆ ಬದಲಾಗುವ ಒಂದು ಅಕ್ಷರ) ಇದೆಯಾ ಎಂದೂ ನೋಡಿ. ಇದ್ದರೆ ಒಂದು ಪ್ರತಿ ಏಳುವುದೇ ಇಲ್ಲ, ಆರೋಗ್ಯವಂತನೂ ಎಚ್19 ಮಿಥೈಲ್ ಏರುಪೇರಾದ ರೋಗಿಯ ಹಾಗೆ ಕಾಣುತ್ತಾನೆ.

ನಡುವೆ ಕುತೂಹಲಕ್ಕೆ ಒಂದೇ ವ್ಯಕ್ತಿಯ ಜೊಲ್ಲು ಮತ್ತು ಕೆನ್ನೆಯ ಸ್ವಾಬ್ ಎರಡನ್ನೂ ಓಡಿಸಿದೆ. ಎಎಚ್‌ಆರ್‌ಆರ್ ಬೇರೆ ಬೇರೆ ಬಂತು, ಎಚ್19 ಎರಡರಲ್ಲೂ ಅರ್ಧ. ಜೊಲ್ಲಿನಲ್ಲಿ ಬಿಳಿ ರಕ್ತಕಣ ಜಾಸ್ತಿ, ಅದರಿಂದಲೇ ಈ ವ್ಯತ್ಯಾಸ. ಸೆಲ್ ಮಿಶ್ರಣದ ಬಗ್ಗೆ ಗಂಟೆಗಟ್ಟಲೆ ಹೇಳಿದರೂ ತಲೆಗೆ ಹೋಗದಿದ್ದದ್ದು ಆ ಎರಡು ಕರ್ವ್‌ನಿಂದ ಹೋಯಿತು.

ಗರ್ಭದಲ್ಲಿದ್ದಾಗ 1944–45ರ ಡಚ್ ಬರಗಾಲ ಕಂಡವರಲ್ಲಿ ಆದ ಮಿಥೈಲ್ ಬದಲಾವಣೆ ನಮಗೂ ಕಾಣುತ್ತದಾ ಎನ್ನುವ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. 2008ರಲ್ಲಿ ಪ್ರಕಟವಾದ ಆ ಐಜಿಎಫ್2 ಜೀನ್‌ನ ವ್ಯತ್ಯಾಸ ನೂರಕ್ಕೆ ಮೂರರೊಳಗೆ. ನಮ್ಮ ಕರ್ವ್‌ಗೆ ಅದು ಕಾಣಿಸುವುದಿಲ್ಲ ಎಂದು ನೇರವಾಗಿ ಹೇಳಿ, 0ರಿಂದ 100ರ ಆ ಮಿಶ್ರಣಗಳ ಕರ್ವ್‌ಗಳನ್ನೇ ತೋರಿಸುತ್ತೇನೆ.

ಪರೀಕ್ಷೆಗೆ ಹೆಸರಿಲ್ಲದ ಮಿಶ್ರಣ ಕೊಡುತ್ತೇನೆ. ಎಚ್19ನಲ್ಲಿ ಮಿಥೈಲ್ ಏರಿದ್ದರೆ ಬೆಕ್‌ವಿತ್-ವೀಡ್‌ಮನ್ (ಮಗು ಅತಿಯಾಗಿ ಬೆಳೆಯುವ ಕಾಯಿಲೆ), ಇಳಿದಿದ್ದರೆ ಸಿಲ್ವರ್-ರಸೆಲ್ (ಬೆಳವಣಿಗೆ ಕುಂಠಿತವಾಗುವ ಕಾಯಿಲೆ) ಎಂದು ಅವರೇ ಹೇಳಬೇಕು. ಹೆಚ್ಚಿನವರು ಸರಿಯಾಗಿ ಹೇಳುತ್ತಾರೆ. ಈಗ ಕೆಸಿಎನ್‌ಕ್ಯೂ1ಒಟಿ1 ಎಂಬ ಇನ್ನೊಂದು ಜೀನ್‌ಗೆ ಪ್ರೈಮರ್ ಬರೆಯುತ್ತಿದ್ದೇನೆ. ಬೆಕ್‌ವಿತ್-ವೀಡ್‌ಮನ್‌ನಲ್ಲಿ ಎಚ್19ಕ್ಕಿಂತ ಅಲ್ಲಿ, ಅಮ್ಮನ ಪ್ರತಿಯಲ್ಲಿ, ಮಿಥೈಲ್ ಕಳೆದುಹೋಗುವುದೇ ಜಾಸ್ತಿ.